ತುಳಸಿಯ ಕದಿರು, ಜೇನಿನ ಪಾಲು



ಉತ್ತರ ಅಮೆರಿಕೆಯ ತೋಟಗಳಲ್ಲಿ ಮೊನಾರ್ಡವೆಂಬ ಬಹುವಾರ್ಷಿಕ ಗಿಡವುಂಟು. ೧೬ನೆಯ ಶತಮಾನದ ಸ್ಪೇನಿನ ವೈದ್ಯ ಮೊನಾರ್ಡೆಸನ ಹೆಸರನ್ನು ಹೊತ್ತಿರುವ ಇದು ಜೇನಿಗೆ ಬಲುಪ್ರಿಯವಾದುದು. ಚೌಕನೆಯ ಕಾಂಡ, ಎದುರುಬದುರಾದ ಎಲೆ, ಎರಡು ತುಟಿಯ ಹೂವು, ಇವನ್ನು ನೋಡಿದರೆ ಅದು ನಮ್ಮ ತುಳಸಿಯ ಬಂಧುವೆಂಬುದು ತಿಳಿಯುತ್ತದೆ. ಆದುದರಿಂದ ಜೇನನ್ನು ಕರೆಯಲು ನಾವು ಪರದೇಶದ ಗಿಡವನ್ನು ಅರಸಬೇಕಾಗಿಲ್ಲ.

ಬೀರೂರು–ಚಿಕ್ಕಜಾಜೂರು ರೈಲುದಾರಿಯ ಶಿವನಿಯಲ್ಲಿ ನಮ್ಮ ಮನೆಯ ಹಿತ್ತಿಲಿದೆ. ಅಲ್ಲಿ ನಮ್ಮ ತಾಯಿಯವರು ತುಳಸಿಯ ಕದಿರು ಕಂಡೊಡನೆ ಚಿವುಟುತ್ತಿದ್ದರು. ಗಿಡ ಸೊಂಪಾಗಿತ್ತು, ಜೇನು ಮಾತ್ರ ಸುಳಿಯಲಿಲ್ಲ. ಅವರ ತರುವಾಯ ನಾವು ಕೈಕಟ್ಟಿ ಕುಳಿತೆವು. ತುಡುವೆ ಜೇನು ಗುಂಯ್‌ಗುಟ್ಟುತ್ತ ಬಂದಿತು. ಆದರೆ ಗಿಡವು ಬೀಜ ಕಟ್ಟುತ್ತ ಕಟ್ಟುತ್ತ ಎರಡೇ ವರ್ಷಗಳಲ್ಲಿ ಒಣಕಡ್ಡಿಯಾಯಿತು. ತಾಯಿಯವರು ನೆಟ್ಟ ಗಿಡವನ್ನು ಕಳೆದುಕೊಂಡೆವಲ್ಲಾ ಎಂಬ ಕೊರಗು ನಮಗೆ ಇಂದಿಗೂ ಉಂಟು.

ಆ ಗಿಡದ ಬೀಜದಿಂದಲೇ ಎದ್ದ ಸಸಿಗಳನ್ನು ಈಗ ಬೇರೊಂದು ಕ್ರಮದಿಂದ ಸಾಕುತ್ತಿದ್ದೇವೆ. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಎಡೆಯಲ್ಲಿ ೧½ ಅಡಿಗೊಂದರಂತೆ ನೆಟ್ಟಿದ್ದೇವೆ. ಪ್ರತಿ ಗಿಡದಲ್ಲಿಯೂ ಅರ್ಧ ಕದಿರುಗಳನ್ನು ಎಳೆಯದರಲ್ಲಿಯೇ ಚಿವುಟುತ್ತೇವೆ; ಉಳಿದರ್ಧ ಜೇನಿನ ಪಾಲು. ಹೂವು ಬುಡದಿಂದ ತುದಿಗೆ ಅರಳುತ್ತ ಹೋಗುತ್ತದೆ. ತುದಿಯ ಹೂವು ಉದುರಿ, ಬುಡದ ಕಾಯಿ ಕಂದುಬಣ್ಣಕ್ಕೆ ತಿರುಗಿದಾಗ ಆ ಕದಿರನ್ನೂ ಕತ್ತರಿಸುತ್ತೇವೆ. ಕೆಳಗಿನ ಗೆಣ್ಣಿನಿಂದ ಹೊಸ ಚಿಗುರು ಹೊರಡುತ್ತದೆ. ಹೂವಿರುವಾಗ ಕೀಟನಾಶಕವನ್ನು ಸಿಂಪಡಿಸುವುದಿಲ್ಲ.

ಪಟ್ಟಣವಾಸಿಗಳಿಗೆ ಹಿತ್ತಿಲಿಲ್ಲದಿದ್ದರೂ ಚಿಂತೆಯಿಲ್ಲ. ಕುಂಡದ ತುಳಸಿಯಲ್ಲಿ ನಾಲ್ಕು ಕದಿರುಗಳನ್ನು ಉಳಿಸಿದರೂ ಅತಿಥಿಗೆ ಊಟವಿಟ್ಟಂತಾಯಿತು.