ಡಕೋಟಾಗಳ ದಾರಿ



ಭೂಪಟದ ಮೇಲೆ ಮುಂಬಯಿಯಿಂದ ಹೈದರಾಬಾದಿಗೆ ನೇರವಾಗಿ ಒಂದು ಗೆರೆಯನ್ನೆಳೆದರೆ ಅದು ಹೆಚ್ಚುಕಡಮೆ ನಮ್ಮ ಬೀದರ ಸೀಮೆಯ ಬಸವಕಲ್ಯಾಣ, ಹುಮನಾಬಾದುಗಳ ನೆತ್ತಿಯ ಮೇಲೆಯೇ ಹಾಯುತ್ತದೆ. ಎರಡನೆಯ ಮಹಾಯುದ್ಧವು ಮುಗಿದು, ಅಂದಿನವರೆಗೆ ಸೈನಿಕರನ್ನು ಹೊರುತ್ತಿದ್ದ ಡಕೋಟಾ ವಿಮಾನಗಳು ಆಸನಗಳಿಂದ ಸಜ್ಜುಗೊಂಡು ನಾಗರಿಕರ ವಾಹನಗಳಾದ ಆ ಕಾಲದಲ್ಲಿ, ಜೋಳದ ಹೊಲದೊಳಗಿನ ಜನರು ಎರಡು ಇಂಜಿನುಗಳ ಗಂಭೀರ ಘೋಷವನ್ನು ಕೇಳಿ, ಹುಬ್ಬಿಗೆ ಅಂಗೈ ಹಚ್ಚಿ ಆಕಾಶವನ್ನು ನೋಡುತ್ತಿದ್ದರೆಂದು ಹಿರಿಯರು ಹೇಳುವುದುಂಟು.

ಅಂದು ಈ ಸೀಮೆಯ ಜನರಿಗೆ ವಿಮಾನನಿಲ್ದಾಣವೆಂದರೆ ಹೈದರಾಬಾದಿನ ಬೇಗಂಪೇಟೆ. 1945ರಲ್ಲಿ ನಿಜಾಮ ಸರ್ಕಾರವೂ ಟಾಟಾ ಸಂಸ್ಥೆಯೂ ಕೂಡಿ ಸ್ಥಾಪಿಸಿದ ಡೆಕ್ಕನ್ ಏರ್‌ವೇಸ್ ಅಲ್ಲಿಯೇ ನೆಲೆಗೊಂಡಿದ್ದು, 1953ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು. ನೆಲದ ಮೇಲೆ ನಿಂತ ಡಕೋಟಾ ಬಾಲವನ್ನೂರಿ ಮೂತಿಯನ್ನೆತ್ತಿರುತ್ತಿದ್ದುದರಿಂದ, ಒಳಹೊಕ್ಕ ಪ್ರಯಾಣಿಕನು ದಿಬ್ಬವನ್ನೇರುವವನಂತೆ ಮುಂಬಾಗಿ ನಡೆದು ತನ್ನ ಆಸನವನ್ನು ಸೇರಬೇಕಾಗುತ್ತಿತ್ತು; ಒಳಗಿನ ವಾಯುವಿನ ಒತ್ತಡವನ್ನು ಕಾಯುವ ಏರ್ಪಾಡಿಲ್ಲದ ವಿಮಾನವಾದುದರಿಂದ, ಕಿವಿಗೆ ಹತ್ತಿಯನ್ನೂ ಬಾಯಿಗೆ ಪೆಪ್ಪರಮಿಂಟನ್ನೂ ಕೊಡುತ್ತಿದ್ದರು. ಬೀಳ್ಕೊಡಲು ಬಂದ ಬಂಧುಗಳು ಬೇಲಿಯಂಚಿನಲ್ಲಿ ನಿಂತು, ಪಂಖಗಳು ತಿರುಗತೊಡಗಿ ಧೂಳೆದ್ದು ವಿಮಾನವು ಮರೆಯಾಗುವ ತನಕ ಕೈಬೀಸುತ್ತಿದ್ದರು. ಆ ಸಾಮೀಪ್ಯವು ಇಂದಿನ ಗಾಜಿನ ಗೋಡೆಗಳ ನಡುವೆ ಅಳಿದುಹೋದುದು ನನಗೆ ನಿಜವಾದ ನಷ್ಟವೆಂದೇ ತೋರುತ್ತದೆ.

ನಮ್ಮ ಬೀದರಿನ ವಾಯುನೆಲೆಯಿಂದಲೇ ಬೆಂಗಳೂರಿಗೆ ನಾಗರಿಕ ವಿಮಾನವು ಮೊದಲು ಹಾರಿದ್ದು 2020ರಲ್ಲಿ. ಡಕೋಟಾಗಳ ಕಾಲದ ಬೇಗಂಪೇಟೆಯನ್ನು ಕಂಡ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ, ಈ ದಿನವೇ ಅವರ ಪಕ್ಕದಲ್ಲಿ ಕುಳಿತು ಆ ದಿನಗಳ ಮಾತುಗಳನ್ನು ಕೇಳಿ, ಬರೆದಿಡಿರಿ.