ಮೂಗಿನ ಹಾದಿ



ತಲೆ ಸಿಡಿದು ವಾಂತಿಯಾದರೆ ನಮ್ಮ ಮನೆಗಳಲ್ಲಿ ‘ಪಿತ್ತ ಏರಿದೆ’ ಎಂದು ನಿಂಬೆ ಪಾನಕ ಕುಡಿಸಿ ಮಲಗಿಸುತ್ತಾರೆ. ಬಹಳ ಸಲ ಅಷ್ಟಕ್ಕೇ ಇಳಿಯುತ್ತದೆ. ಆದರೆ ಇದ್ದಕ್ಕಿದ್ದಂತೆ ಬಂದ ತಲೆಶೂಲೆಯ ಜೊತೆಗೆ ಕಣ್ಣು ಮಂಜಾದರೆ, ಒಂದು ದೀಪ ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಪಿತ್ತವೆಂದು ಕಾಯುತ್ತ ಕೂರಬೇಡಿ.

ಮಿದುಳಿನ ಬುಡದಲ್ಲಿ, ಮೂಗಿನ ಗೂಡಿನ ಹಿಂದೆ, ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಅಲ್ಲಿ ಬೆಳೆದ ಗಡ್ಡೆಯೊಳಗೆ ರಕ್ತ ಸುರಿದರೆ, ಅದು ಉಬ್ಬಿ ಮೇಲಿರುವ ದೃಷ್ಟಿನರಗಳನ್ನು ಅಮುಕುತ್ತದೆ. ಗಡ್ಡೆಯಿದೆ ಎಂಬುದೇ ಎಷ್ಟೋ ಜನಕ್ಕೆ ಅಲ್ಲಿಯವರೆಗೆ ಗೊತ್ತಿರುವುದಿಲ್ಲ. ಅಮೆರಿಕದ ವೈದ್ಯ ಪಿಯರ್ಸ್ ಬೈಲಿ 1898ರಲ್ಲೇ ಇಂಥ ರಕ್ತಸ್ರಾವದ ಬಗ್ಗೆ ಬರೆದಿದ್ದರು. ‘ಪಿಟ್ಯುಟರಿ ಅಪೊಪ್ಲೆಕ್ಸಿ’ ಎಂಬ ಹೆಸರು ಬಂದದ್ದು 1950ರಲ್ಲಿ.

ಅಷ್ಟು ಆಳಕ್ಕೆ ಕತ್ತಿ ತಲುಪುವುದು ಹೇಗೆ? 1907ರಲ್ಲಿ ಇನ್ಸ್‌ಬ್ರುಕ್‌ನ ಹರ್ಮನ್ ಶ್ಲೋಫರ್ ರೋಗಿಯ ಮೂಗನ್ನೇ ಒಂದು ಪಕ್ಕಕ್ಕೆ ಮಗುಚಿ ಒಳಗೆ ಹೋದರು. ಅಮೆರಿಕದ ಹಾರ್ವಿ ಕುಶಿಂಗ್ ಮೇಲ್ದುಟಿಯ ಒಳಗಿನಿಂದ ಮೂಗಿನೊಳಕ್ಕೆ ದಾರಿ ಮಾಡಿಕೊಂಡು ಇನ್ನೂರಕ್ಕೂ ಹೆಚ್ಚು ಶಸ್ತ್ರಕ್ರಿಯೆ ನಡೆಸಿದರು. ರಕ್ತನಾಳ ಕಚ್ಚಿ ಹಿಡಿಯುವ ಬೆಳ್ಳಿಯ ಪುಟ್ಟ ಕ್ಲಿಪ್‌ಗಳೂ ಅವರವೇ. 1926ರಿಂದ ವಿಲಿಯಂ ಬೋವಿಯವರ ವಿದ್ಯುತ್ ಉಪಕರಣದಿಂದ ರಕ್ತನಾಳ ಸುಟ್ಟು ಮುಚ್ಚತೊಡಗಿದರು. ರಕ್ತ ಹಿಡಿತಕ್ಕೆ ಬಂದು, ಮೇಲಿನಿಂದ ತಲೆಬುರುಡೆ ತೆರೆದು ಗ್ರಂಥಿ ತಲುಪುವ ಭಯ ಕಡಿಮೆಯಾಯಿತು. ಆಗ ಕುಶಿಂಗ್ ಮೂಗಿನ ಹಾದಿಯನ್ನೇ ಬಿಟ್ಟರು. ಗುರು ಬಿಟ್ಟದ್ದನ್ನು ಹೆಚ್ಚಿನವರು ಬಿಟ್ಟರು.

ಆ ಹಾದಿ ಉಳಿದದ್ದು ನನಗೆ ಇಂದಿಗೂ ಸೋಜಿಗ. ಕುಶಿಂಗ್ ಬಳಿ ಕಲಿತ ಎಡಿನ್‌ಬರೋದ ನಾರ್ಮನ್ ಡಾಟ್ ಅದನ್ನು ಕೈಬಿಡಲಿಲ್ಲ. ಡಾಟ್ ಅವರಿಂದ ಪ್ಯಾರಿಸ್ಸಿನ ಜೆರಾರ್ ಗ್ಯೊ ಕಲಿತರು, ಅವರಿಂದ ಮಾಂಟ್ರಿಯಲ್‌ನ ಜೂಲ್ ಹಾರ್ಡಿ. 1960ರ ದಶಕದಲ್ಲಿ ಹಾರ್ಡಿ ಅದಕ್ಕೆ ಸೂಕ್ಷ್ಮದರ್ಶಕ ಜೋಡಿಸಿದರು. ಕತ್ತಲ ಸುರಂಗಕ್ಕೆ ಬೆಳಕು ಬಂತು. ಮುಂದೆ ಎಂಡೋಸ್ಕೋಪು ಮೂಗಿನ ಹೊಳ್ಳೆಯಿಂದಲೇ ಒಳಗೆ ಇಣುಕಿತು.

ಇಂದು ಗ್ರಂಥಿಯಲ್ಲಿ ಇಂಥ ರಕ್ತಸ್ರಾವವಾದ ರೋಗಿ ಆಸ್ಪತ್ರೆಗೆ ಬಂದರೆ ಮೊದಲು ಕತ್ತಿಯಲ್ಲ, ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದು. ಗ್ರಂಥಿ ಕುಸಿದರೆ ದೇಹದಲ್ಲಿ ಈ ಹಾರ್ಮೋನು ಕಡಿಮೆಯಾಗಿ, ರಕ್ತದೊತ್ತಡವೂ ಕುಸಿದು ಜೀವಕ್ಕೇ ಅಪಾಯ. ಎಲ್ಲರಿಗೂ ಶಸ್ತ್ರಕ್ರಿಯೆ ಬೇಕಿಲ್ಲ. ದೃಷ್ಟಿ ಇಳಿಯುತ್ತಿದ್ದರೆ ತಡಮಾಡುವುದಿಲ್ಲ. ಮೂಗಿನಾಳದಲ್ಲಿ ಮೊಟ್ಟೆಚಿಪ್ಪಿನಂಥ ಎಲುಬನ್ನು ತೆರೆದು, ಕೆಳಗಿನ ಪೊರೆ ಸೀಳಿದರೆ, ಒತ್ತಡಕ್ಕೆ ಸಿಕ್ಕಿದ್ದ ಕಪ್ಪು ರಕ್ತ ಹೊರಬರುತ್ತದೆ. ಎಚ್ಚರವಾದ ರೋಗಿಯ ಮುಂದೆ ವೈದ್ಯರು ಬೆರಳು ಹಿಡಿದು ಕೇಳುತ್ತಾರೆ, ‘ಇದು ಎಷ್ಟು?’