ಸಬ್ರ್ ಅಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ

(ದಮ್ಮಾಮ್ ಘಟಕದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ನಾನೊಬ್ಬ ಎಸಿ ಮೆಕ್ಯಾನಿಕ್. "ಹತ್ತು ನಿಮಿಷ ನಿಮ್ಮ ಅನುಭವ ಹೇಳಿ ಕಾಕ" ಎಂದು ಕಾರ್ಯದರ್ಶಿಯವರು ಬಿಡದೆ ಹೇಳಿದ್ದರಿಂದ ನಿಂತಿದ್ದೇನೆ.

2013ರ ಚಳಿಗಾಲ. ಫಜ್ರ್ ನಮಾಝ್ ಮುಗಿಸಿ ಜುಬೈಲ್ ಕಡೆ ಕೆಲಸಕ್ಕೆ ಹೊರಟಿದ್ದೆವು. ರಸ್ತೆ ತುಂಬಾ ಮಂಜು. ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟು ಯಾವತ್ತೂ ನನ್ನದು. ಅವತ್ತು ನನ್ನ ರೂಮಿನ ಹುಡುಗ, ಬಂಟ್ವಾಳ ಕಡೆಯವನು, "ನಿದ್ದೆ ಬರ್ತಿದೆ, ತಲೆ ಆನಿಸಿ ಮಲಗ್ತೇನೆ" ಎಂದು ಆ ಸೀಟು ಕೇಳಿದ. ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ವ್ಯಾನ್ ನಿಂತಿದ್ದ ಟ್ರೈಲರ್‌ಗೆ ಗುದ್ದಿತು. ಅವನು ಅಲ್ಲೇ ತೀರಿಕೊಂಡ. ನನಗೆ ಕೈ ಮುರಿಯಿತು, ಅಷ್ಟೇ.

ಕೈ ಎರಡು ತಿಂಗಳಲ್ಲಿ ಸರಿಯಾಯಿತು. ಮನಸ್ಸು ಸರಿಯಾಗಲಿಲ್ಲ. ಬ್ರೇಕ್ ಶಬ್ದ ಕೇಳಿದರೆ ಮೈಯೆಲ್ಲ ಬೆವರು. ರಾತ್ರಿ ಎದ್ದು ಕೂರುತ್ತಿದ್ದೆ. ಊರಿಗೆ ಹೋದಾಗ ಅವನ ಉಮ್ಮನನ್ನು ನೋಡಲು ಎರಡು ಸಲ ಹೊರಟು, ಎರಡು ಸಲವೂ ಬಿ.ಸಿ.ರೋಡಿನಿಂದ ವಾಪಸ್ ಬಂದೆ. ಸೀಟು ಕೊಟ್ಟವನು ನಾನಲ್ಲವೇ? ಹೆಂಡತಿಗೂ ಹೇಳಲಿಲ್ಲ. ಸಬ್ರ್ ಅಂದರೆ ಹಾಗೆ ಬಾಯಿ ಮುಚ್ಚಿಕೊಂಡಿರುವುದು ಎಂದುಕೊಂಡಿದ್ದೆ. ಖದೀಜ ಬೀವಿಯವರೂ ಅಬೂತಾಲಿಬರೂ ತೀರಿಕೊಂಡ ವರ್ಷವನ್ನು ನಮ್ಮ ಚರಿತ್ರೆ 'ದುಃಖದ ವರ್ಷ' ಎಂದೇ ಕರೆಯುತ್ತದೆ. ಮದ್ರಸದಲ್ಲಿ ಕಲಿತ ಈ ಪಾಠ ನನ್ನ ವಿಷಯದಲ್ಲಿ ನೆನಪಾಗಲಿಲ್ಲ.

2020ರಲ್ಲಿ ಕೊರೋನ ಬಂತು. ಡ್ಯೂಟಿ ಇಲ್ಲ, ರೂಮಿನೊಳಗೇ ಬಂದಿ. ಅಪಘಾತ ದಿನವಿಡೀ ಕಣ್ಣೆದುರು. ಅಕ್ಕನ ಮಗ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ. ಫೋನಿನಲ್ಲಿ ನನ್ನ ಸ್ವರ ಕೇಳಿಯೇ ಅವನಿಗೆ ಗೊತ್ತಾಯಿತು. ಒಂದು ಲಿಂಕ್ ಕಳಿಸಿದ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಹೊರತಂದ 'ಡೂಯಿಂಗ್ ವಾಟ್ ಮ್ಯಾಟರ್ಸ್ ಇನ್ ಟೈಮ್ಸ್ ಆಫ್ ಸ್ಟ್ರೆಸ್' ಎಂಬ ಚಿತ್ರಪುಸ್ತಕ, ಜೊತೆಗೆ ಕೇಳಿ ಮಾಡುವ ಆಡಿಯೋ. ಪೂರ್ತಿ ಉಚಿತ. ಒಟ್ಟು ಐದು ಪಾಠ. ಇದರ ಮೂಲದಲ್ಲಿರುವ ಕೋರ್ಸನ್ನು ಯುಗಾಂಡಾದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಹೆಂಗಸರಲ್ಲಿ ಪರೀಕ್ಷಿಸಿದ್ದಾರೆ, ಅವರ ಸಂಕಟ ಕಡಿಮೆಯಾಗಿದೆ. ಯುದ್ಧ ನೋಡಿದವರಿಗೆ ಉಪಕಾರವಾದದ್ದು ನನಗೂ ಆಗಲಿ ಎಂದುಕೊಂಡೆ.

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹುಡುಗ ಒಂದೊಂದೇ ಪಾಠವನ್ನು ಬ್ಯಾರಿ ಭಾಷೆಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಇಯರ್‌ಫೋನ್ ಹಾಕಿ ಕೇಳುತ್ತಿದ್ದೆ, ರೂಮಿನವರಿಗೆ ನಾನು ಹಾಡು ಕೇಳುತ್ತಿದ್ದೇನೆ ಎಂದೇ ಲೆಕ್ಕ.

ಮೊದಲ ಪಾಠ, ನೆಲೆ ನಿಲ್ಲುವುದು. ಮನಸ್ಸಿನೊಳಗೆ ಬಿರುಗಾಳಿ ಎದ್ದಾಗ, ಎದ್ದಿದೆ ಎಂದು ಒಪ್ಪಿಕೊಳ್ಳಬೇಕು. ಪಾದವನ್ನು ನೆಲಕ್ಕೆ ಒತ್ತಬೇಕು, ನಿಧಾನ ಉಸಿರು ಬಿಡಬೇಕು. ಆಮೇಲೆ ಈಗ ಕಣ್ಣಿಗೆ ಏನು ಕಾಣುತ್ತಿದೆ, ಕಿವಿಗೆ ಏನು ಕೇಳುತ್ತಿದೆ, ಕೈಗೆ ಏನು ತಾಗುತ್ತಿದೆ ಎಂದು ಗಮನಿಸಬೇಕು. ಬಿರುಗಾಳಿ ನಿಲ್ಲುವುದಿಲ್ಲ, ಅದು ದಾಟಿ ಹೋಗುವವರೆಗೆ ನಾವು ನಿಂತಿರುತ್ತೇವೆ. ಎರಡನೆಯದು, ಗಾಳ ಬಿಡಿಸಿಕೊಳ್ಳುವುದು. 'ನಾನೇ ಕೊಂದೆ' ಎಂಬ ಯೋಚನೆ ಬಂದಾಗ ಅದರ ಹಿಂದೆ ಓಡದೆ, 'ಇದೊಂದು ಕಷ್ಟದ ಯೋಚನೆ' ಎಂದು ಹೆಸರಿಟ್ಟು ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. ನೇತ್ರಾವತಿಯಲ್ಲಿ ಗಾಳ ಹಾಕಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು. ಉಳಿದ ಮೂರು: ನಮಗೆ ಮುಖ್ಯವಾದದ್ದನ್ನು ಮಾಡುವುದು, ನಮ್ಮ ಮೇಲೂ ಬೇರೆಯವರ ಮೇಲೂ ಕರುಣೆ ಇಡುವುದು, ನೋವಿಗೂ ಒಳಗೆ ಸ್ವಲ್ಪ ಜಾಗ ಕೊಡುವುದು.

ಮೊದಲ ವಾರ ಏನೂ ಆಗಲಿಲ್ಲ. ದಿನಾ ಸ್ವಲ್ಪ ಹೊತ್ತು ಮಾಡುತ್ತಾ ಹೋದೆ. ಕೆಲಸ ಶುರುವಾದಾಗ ವ್ಯಾನಿನಲ್ಲಿ ಚಪ್ಪಲಿ ಕಳಚಿ ಪಾದ ಒತ್ತಿ ಕೂರುತ್ತಿದ್ದೆ. ಒಂದು ದಿನ ಕಿಟಕಿ ಪಕ್ಕ ಕೂತೆ.

'ನಿನಗೆ ಮುಖ್ಯವಾದದ್ದು ಯಾವುದು' ಎಂಬ ಪ್ರಶ್ನೆಗೆ ನನ್ನ ಉತ್ತರ ಒಂದೇ ಇತ್ತು. 2022ರಲ್ಲಿ ರಜೆಗೆ ಹೋದಾಗ ಬಿ.ಸಿ.ರೋಡಿನಲ್ಲಿ ಇಳಿದು ವಾಪಸ್ ಬರಲಿಲ್ಲ. ಅವನ ಉಮ್ಮ ಚಹಾ ಕೊಟ್ಟು, "ಕೊನೆಗೆ ಅವನು ಏನು ಹೇಳಿದ?" ಎಂದು ಕೇಳಿದರು. "ಕಿಟಕಿ ಸೀಟು ಕೇಳಿದ ಉಮ್ಮ, ಕೊಟ್ಟೆ" ಎಂದೆ. ಅವರು ಅತ್ತರು, ನಾನೂ ಅತ್ತೆ. ಆಮೇಲೆ ಹೇಳಿದರು, "ಸಣ್ಣವನಿರುವಾಗಲೂ ಬಸ್ಸಿನಲ್ಲಿ ಅವನಿಗೆ ಕಿಟಕಿಯೇ ಬೇಕಿತ್ತು."

ಸಹೋದರರೇ, ಮರೆತಿದ್ದೇನೆ ಎಂದು ನಾನು ಹೇಳುವುದಿಲ್ಲ. ನೆನಪು ಈಗಲೂ ಬರುತ್ತದೆ. ಆದರೆ ಸ್ಟಿಯರಿಂಗ್ ಅದರ ಕೈಯಲ್ಲಿಲ್ಲ.

ಒಂದು ಎಚ್ಚರಿಕೆ. ಫೋನಿನ ಪಾಠ ಡಾಕ್ಟರಿಗೆ ಬದಲಿ ಅಲ್ಲ. ನಿದ್ದೆಯೇ ಇಲ್ಲ, ಸಾಯಬೇಕು ಅನಿಸುತ್ತಿದೆ ಎಂದಾದರೆ ಪಾಠ ಕೇಳುತ್ತಾ ಕೂರಬೇಡಿ, ಅವತ್ತೇ ಪಕ್ಕದವನಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಊರಿನಲ್ಲಿರುವ ಮನೆಯವರಿಗೆ 14416 ನಂಬರ್ ಕೊಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇನ್ನೊಂದು ಮಾತು. ನಿಮ್ಮ ರೂಮಿನಲ್ಲಿ ರಾತ್ರಿ ಎದ್ದು ಕೂರುವವನಿದ್ದರೆ "ಸಬ್ರ್ ಮಾಡು" ಎಂದು ಹೇಳಿ ಆಚೆ ತಿರುಗಿ ಮಲಗಬೇಡಿ. "ಏನಾಯ್ತು?" ಎಂದು ಕೇಳಿ. ನನ್ನನ್ನು ಹಾಗೆ ಒಬ್ಬ ಕೇಳಲು ಏಳು ವರ್ಷ ಬೇಕಾಯಿತು.

ಅಸ್ಸಲಾಮು ಅಲೈಕುಂ.